ಹೆಪ್ಪು

ಬಳೇಪೇಟೆಯ ಒಳಸಂದಿ, ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ಒಂದು ಜೆರಾಕ್ಸ್ ಮಷೀನು, ಒಂದು ಹಳೆ ಕಂಪ್ಯೂಟರು,
ಲಗ್ನಪತ್ರಿಕೆ ಮಾದರಿಗಳ, ಎಣ್ಣೆಗೈ ಹತ್ತಿದ ಆಲ್ಬಮ್ಮು.

ಕಂಪ್ಯೂಟರಲ್ಲಿ ಇದ್ದದ್ದೆಲ್ಲ ಕದ್ದ ಮಾಲೇ, ಮುಚ್ಚಿಡುವುದೇನು.
ಎಸ್.ಪಿ. ರಸ್ತೆಯಲ್ಲಿ ಎಂಬತ್ತು ರೂಪಾಯಿಗೊಂದು ಸಿ.ಡಿ.,
ಬೀಗ ಒಡೆಯುವ ನಂಬರು ಕವರಿನ ಮೇಲೆ ಬಾಲ್‌ಪೆನ್ನಲ್ಲಿ.
ಅಮಾವಾಸ್ಯೆಗೊಮ್ಮೆ ಪರದೆ ಕಪ್ಪಾಗಿ
ಗಿರಾಕಿ ಎದುರಿಗೇ ನನ್ನನ್ನು ಕೇಳುತ್ತಿತ್ತು: ನೀನು ಯಾರು?
ಪತ್ರಿಕೆಯಲ್ಲಿ ಲಕ್ಷ್ಮಿ ಮೂರು ತುಂಡಾಗಿ ಬರುತ್ತಿದ್ದಳು,
ಒತ್ತಕ್ಷರ ಪಕ್ಕದ ಮನೆಗೆ ಓಡಿಹೋಗಿ.

ಮುಬೀನಾ ಬಂದದ್ದು ರೇಷನ್ ಕಾರ್ಡಿನ ಜೆರಾಕ್ಸಿಗೆ.
ಕಾಟನ್‌ಪೇಟೆಯಲ್ಲಿ ರವಿಕೆಗಳಿಗೆ ಆರಿ ಕೆಲಸ;
ರಾತ್ರಿ ಅಣ್ಣನ ಲ್ಯಾಪ್‌ಟಾಪಲ್ಲಿ, ಯಾರಿಗೂ ಅಲ್ಲದ ನವಿಲು.
ಚಿಲ್ಲರೆ ಇಲ್ಲವೆಂದು ನಾನು ಎರಡು ರೂಪಾಯಿ ಬಿಟ್ಟೆ.
ಅವಳು ಪರ್ಸಿನ ಮೂಲೆಯಿಂದ
ಹಸಿರು ಜರಿದಾರ ಕಟ್ಟಿದ ಪೆನ್‌ಡ್ರೈವ್ ತೆಗೆದಳು.
‘ಇದು ಹಾಕ್ಕೊಳಿ ಅಕ್ಕ. ಕದ್ದಿದ್ದಲ್ಲ, ಕೊಟ್ಟಿದ್ದು.’

ಒಳಗೆ ಕ್ರಿತಾ, ಇಂಕ್‌ಸ್ಕೇಪ್, ಗಿಂಪ್, ಎರಡು ಕನ್ನಡ ಫಾಂಟು,
‘ಓದಿ’ ಎಂಬ ಫೈಲು. ಅದರಲ್ಲಿ ಮೂರೇ ಸಾಲು:
ಹಳೆ ಮಷೀನಾದರೆ ಕ್ಯಾನ್ವಾಸ್ ಚಿಕ್ಕದಿಡಿ.
ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡಿ.
ಡ್ರೈವ್ ಮಾತ್ರ ವಾಪಸ್ ಕೊಡಿ.

ಶಟರ್ ಅರ್ಧ ಎಳೆದು ಆ ರಾತ್ರಿ ಒಂದು ಗೆರೆ ಎಳೆದೆ,
ಎಂಟು ದಿಕ್ಕಿಗೂ ಎಂಟು ಗೆರೆ ತಾವಾಗಿ ಎದ್ದು ಬಂದವು.
ಬಾಗಿಲಿಗೆ ನೀರು ಹಾಕದೆಯೇ ರಂಗೋಲಿ!
ಲಕ್ಷ್ಮಿ ಎಂದು ಒತ್ತಿದೆ.
ಇಡಿಯಾಗಿ ಬಂದು ಕೂತಳು.

ಎದುರು ಲಾಡ್ಜಿನಲ್ಲಿ ಲೆಕ್ಕ ಬರೆಯುವ ಮುನಿಚೌಡಪ್ಪ
ಫ್ಲೆಕ್ಸ್ ಬರುವ ಮೊದಲು ಈ ಪೇಟೆಯ ಬೋರ್ಡು ಬರೆದವನು.
ನಲವತ್ತು ವರ್ಷ, ಅಕ್ಷರಕ್ಕೆ ನೆರಳು ಹಾಕುವ ಹೊತ್ತಿಗೆ
ಬೀದಿಗೆ ಬೆನ್ನು ಅಡ್ಡ ಕೊಟ್ಟು ನಿಲ್ಲುತ್ತಿದ್ದನಂತೆ.
ಹುಡುಗರು ಬ್ರಷ್ಷು ತೊಳೆದರು, ಗುಟ್ಟು ಸಿಗಲಿಲ್ಲ.

‘ಪುಕ್ಕಟೆ ಸಿಕ್ರೆ ನನಗೊಂದಿರ್ಲಿ ನಮ್ಮಪ್ಪಂಗೊಂದಿರ್ಲಿ,
ತಗೊಳ್ಳೋನಿಗೆ ಗಾದೆ ಐತಮ್ಮ. ಕೊಡೋನಿಗೆ ಯಾವ ಗಾದೆ?
ಯಾರು ಮಾಡಿದ್ದು? ಯಾಕೆ ಕೊಡ್ತಾನೆ? ಕೊನೆಗೆ ಕೇಳೋದೆಷ್ಟು?’

ನನಗೇನು ಗೊತ್ತು. ಹೆಪ್ಪು ನೆನಪಾಯಿತು, ಅದನ್ನೇ ಹೇಳಿದೆ.
ವಠಾರದಲ್ಲಿ ರಾತ್ರಿ ಲೋಟ ಹಿಡಿದು ಹೋದರೆ
ಒಂದು ಚಮಚಕ್ಕೆ ಯಾರೂ ಬೆಲೆ ಹೇಳಿದ್ದಿಲ್ಲ,
ಕೊಟ್ಟವರ ಮೊಸರು ಬೆಳಿಗ್ಗೆ ತೆಳ್ಳಗಾಗಿದ್ದೂ ಇಲ್ಲ.
ಹುಳಿ ಮಾತ್ರ ಅವರವರ ಮನೆಯದು.

‘ಕ್ರಿತಾ ಅಂದ್ರೆ ಕೃತ ಇರ್ಬೇಕು, ತಪ್ಪಾಗಿ ಬರೆದವ್ರೆ’
ಎಂದು ಡ್ರೈವ್ ಜೇಬಿಗಿಳಿಸಿ ಹೋದ.

ಹದಿನೇಳು ದಿನ ಪತ್ತೆಯಿಲ್ಲ.
ಮುಬೀನಾ ಎರಡು ಸಲ ಬಂದು ಏನೂ ಕೇಳದೆ
ಪೆನ್ಸಿಲ್ ಕೊಂಡು ಹೋದಳು. ನನಗೆ ಅದೇ ಹಿಂಸೆ.

ಹದಿನೆಂಟನೆಯ ದಿನ ಟೀ ಲೋಟದ ಪಕ್ಕ ತಂದಿಟ್ಟ.
ದಾರ ಕಳೆದಿತ್ತು. ಹೊಸದೊಂದು ಫೈಲಿತ್ತು: ಶ್ರೀ.
ಲಾಡ್ಜಿನ ಕಂಪ್ಯೂಟರಲ್ಲಿ, ಬರೀ ಮೌಸಿನಲ್ಲಿ, ರಾತ್ರಿಪಾಳಿಗಳಲ್ಲಿ.

ಹದಿನಾಲ್ಕು ಪದರ. ಒಂದನ್ನೂ ಬೆಸೆದಿರಲಿಲ್ಲ.
ಪ್ರತಿ ಪದರದ ಪಕ್ಕ ಒಂದು ಸಣ್ಣ ಕಣ್ಣು;
ಮುಚ್ಚಿದರೆ ಗೆರೆ ಮಾಯ, ತೆರೆದರೆ ಹಾಜರು.
ಸುಣ್ಣದ ದಾರ ಹೊಡೆದ ಗೆರೆ, ಮೊದಲ ಎಳೆತ, ತಿದ್ದಿದ ಬಾಲ,
ತಪ್ಪಿದ ಬಾಲವೂ ಹಾಗೇ.
ಕೊನೆಗೆ ನೆರಳು:
ಎಡಕ್ಕೆ, ಕೂದಲೆಳೆ ಬಿಟ್ಟು, ತುದಿಯಲ್ಲಿ ನೀಲಿ.
ಕಪ್ಪಲ್ಲ, ನೀಲಿ! ಇಷ್ಟೇನಾ ಎಂದೆ.
‘ಇಷ್ಟೇ’ ಎಂದ, ಸ್ವಲ್ಪ ನಾಚಿಕೊಂಡು.

‘ಕೈ ನಡುಗೋದನ್ನ ಸರಿಮಾಡೋ ಗುಂಡೀನೂ ಐತೆ ಅದ್ರಲ್ಲಿ.
ನಾನು ಹಾಕ್ಲಿಲ್ಲ.’

ಡ್ರೈವ್ ಮುಬೀನಾಗೆ ಮುಟ್ಟಿಸಿದೆ.
ಅವಳಿಂದ ಯಾವ ಪೇಟೆಗೋ.
ಕೊಡುವ ಮುಂಚೆ ‘ಓದಿ’ಗೆ ನಾಲ್ಕನೆಯ ಸಾಲು ಸೇರಿಸಿದ್ದೆ,
ಅವನು ಟೀ ಮುಗಿಸಿ ಏಳುತ್ತಾ ಹೇಳಿದ್ದು:
ಶ್ರೀಯ ಬಾಲ ಎಳೆಯುವಾಗ ಉಸಿರು ಬಿಡಬೇಡಿ.